ನಿವೇಶನದ ಲಾಭ ಮತ್ತು ಕೊಳ್ಳುವ ದಿನದ ಲೆಕ್ಕ

ಬೆಂಗಳೂರಿನ ಸುತ್ತ ನಿವೇಶನವೊಂದನ್ನು ಕೊಂಡಿಡುವುದು ನಮ್ಮ ಮಧ್ಯಮ ವರ್ಗದ ಹಳೆಯ ಹಂಬಲ. ಭವಿಷ್ಯನಿಧಿಯ ಮೊತ್ತ ಕೈಸೇರಿದೊಡನೆ ದೇವನಹಳ್ಳಿ, ಹೊಸಕೋಟೆ, ಸರ್ಜಾಪುರಗಳ ಬಡಾವಣೆಯ ಜಾಹೀರಾತುಗಳು ಕಣ್ಣಿಗೆ ಬೀಳತೊಡಗುತ್ತವೆ. ಭೂಮಿಯ ಬೆಲೆ ಎಂದೂ ಇಳಿಯದೆಂಬ ನಂಬಿಕೆಯೇ ಅನೇಕರಿಗೆ ಆಧಾರ. ಆದರೆ ಬೆಲೆ ಏರುವುದು ಬೇರೆ, ಹೂಡಿದವರಿಗೆ ಲಾಭ ದಕ್ಕುವುದು ಬೇರೆ. ಮೊದಲ ಬಾರಿ ಹಣ ಹೂಡುವವರು ಈ ವ್ಯತ್ಯಾಸವನ್ನು ಮುಂಗಡ ಕೊಡುವ ಮೊದಲೇ ಅರಿಯಬೇಕು.

ಒಂದು ಸರಳ ಲೆಕ್ಕ ನೋಡೋಣ. ನಗರ ವ್ಯಾಪ್ತಿಯಲ್ಲಿ 50 ಲಕ್ಷ ರೂಪಾಯಿಗೆ ಕೊಂಡ ನಿವೇಶನ 10 ವರ್ಷಗಳ ನಂತರ 1 ಕೋಟಿಗೆ ಮಾರಾಟವಾಯಿತೆನ್ನಿ. ಹಣ ದ್ವಿಗುಣವಾಯಿತೆಂದು ಬಂಧುಗಳು ಬೆನ್ನು ತಟ್ಟುತ್ತಾರೆ. ಚಕ್ರಬಡ್ಡಿಯ ಲೆಕ್ಕದಲ್ಲಿ ಅದು ವರ್ಷಕ್ಕೆ ಶೇ 7.2 ಮಾತ್ರ. ಇನ್ನು ವೆಚ್ಚಗಳನ್ನು ಕಳೆಯಬೇಕು. ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್, 2025ರ ಆಗಸ್ಟ್ 31ರಿಂದ ಶೇ 2ಕ್ಕೇರಿದ ನೋಂದಣಿ ಶುಲ್ಕ ಎಲ್ಲ ಸೇರಿ ಶೇ 7.6, ಅಂದರೆ 3.8 ಲಕ್ಷ ರೂಪಾಯಿ ಮೊದಲ ದಿನವೇ ಖರ್ಚಾಗುತ್ತದೆ. ಮಾರುವಾಗ ಶೇ 12.5ರ ದೀರ್ಘಾವಧಿ ಬಂಡವಾಳ ಗಳಿಕೆ ತೆರಿಗೆಯಿದೆ. 2024ರ ಜುಲೈ 23ರಿಂದೀಚೆಗೆ ಕೊಂಡ ಆಸ್ತಿಗೆ ಹಣದುಬ್ಬರದ ಹೊಂದಾಣಿಕೆ ಇಲ್ಲವಾದ್ದರಿಂದ, ರೂಪಾಯಿಯ ಮೌಲ್ಯ ಕುಸಿದು ಏರಿದ ಬೆಲೆಗೂ ತೆರಿಗೆ ತೆರಬೇಕು. ವಿನಾಯಿತಿ ಪಡೆಯದಿದ್ದರೆ ಇದು ಸುಮಾರು 6 ಲಕ್ಷ. ಉಳಿಯುವ ಪ್ರತಿಫಲ ವರ್ಷಕ್ಕೆ ಶೇ 5.7. ದಲ್ಲಾಳಿಯ ಕಮಿಷನ್, ಆಸ್ತಿ ತೆರಿಗೆ, ಬೇಲಿಯ ಖರ್ಚು ಇದರಲ್ಲಿ ಸೇರಿಲ್ಲ. ಸಾಲ ಮಾಡಿ ಕೊಂಡವರಿಗೆ ಬೆಲೆ ದ್ವಿಗುಣವಾದರೂ ನಷ್ಟವೇ ಉಳಿಯಬಹುದು.

ಅದೇ ನಿವೇಶನ 7 ವರ್ಷಗಳಲ್ಲಿ ದ್ವಿಗುಣವಾದರೆ ಪ್ರತಿಫಲ ಶೇ 8.3ಕ್ಕೇರುತ್ತದೆ. ಹಾಗಾಗಿ ಬೆಲೆಯಷ್ಟೇ ಕಾಲವೂ ಮುಖ್ಯ. ಘೋಷಣೆಯಾದ ರಸ್ತೆಯನ್ನು ನಂಬಿ ಹಣ ಹಾಕುವವರು, 2007ರಲ್ಲಿ ಅಂತಿಮ ಅಧಿಸೂಚನೆ ಹೊರಬಿದ್ದ ಬೆಂಗಳೂರಿನ ಪೆರಿಫೆರಲ್ ವರ್ತುಲ ರಸ್ತೆ ಇನ್ನೂ ಪೂರ್ಣಗೊಂಡಿಲ್ಲವೆಂಬುದನ್ನು ನೆನೆಯಬೇಕು. ನೀರು, ಒಳಚರಂಡಿ, ಬಸ್ಸು ಈಗಾಗಲೇ ತಲುಪಿರುವ ಜಾಗಕ್ಕೆ ತುಸು ಹೆಚ್ಚು ತೆತ್ತರೂ ಅದು ವಿವೇಕದ ಖರೀದಿ.

ಎರಡನೆಯದು ಹಕ್ಕಿನ ಲೆಕ್ಕ. ಇದು ತಪ್ಪಿದರೆ ಪ್ರತಿಫಲವಿರಲಿ, ಅಸಲೇ ಹೋಗುತ್ತದೆ. ಸರ್ಕಾರಿ ಸೇವೆಯಲ್ಲಿ ನಾನು ಕಂಡಂತೆ, ವಿದ್ಯಾವಂತರೂ ಖಾತೆಯನ್ನೇ ಹಕ್ಕುಪತ್ರವೆಂದು ಭಾವಿಸುತ್ತಾರೆ. ಖಾತೆ ತೆರಿಗೆ ವಸೂಲಿಯ ದಾಖಲೆ; ಒಡೆತನಕ್ಕೆ ನೋಂದಾಯಿತ ಕ್ರಯಪತ್ರ ಮತ್ತು ಅದರ ಹಿಂದಿನ ಮೂಲಪತ್ರಗಳ ಕೊಂಡಿ ಬೇಕು. ಕೇವಲ ಜಿಪಿಎ ಮೂಲಕ ನಡೆದ ಮಾರಾಟದಿಂದ ಒಡೆತನ ವರ್ಗಾವಣೆಯಾಗದೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟಪಡಿಸಿದೆ. ಭೂಪರಿವರ್ತನೆಯಾಗದ ಕೃಷಿ ಜಮೀನಿನಲ್ಲಿ ಗೆರೆ ಎಳೆದು ಮಾರುವ ರೆವಿನ್ಯೂ ಸೈಟುಗಳು ಅಗ್ಗವಾಗಿರಲು ಕಾರಣವಿದೆ: ಮನೆ ಕಟ್ಟಲು ನಕ್ಷೆ ಮಂಜೂರಾತಿ, ಬ್ಯಾಂಕ್ ಸಾಲ, ಮುಂದೆ ಒಳ್ಳೆಯ ಗಿರಾಕಿ ಎಲ್ಲವೂ ದುರ್ಲಭ.

ಇನ್ನೊಂದು ಎಚ್ಚರಿಕೆ ಹೆಚ್ಚಿನವರಿಗೆ ತಿಳಿಯದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಪೂರ್ವಾನುಮತಿ ಇಲ್ಲದೆ ಕೊಂಡರೆ, 1978ರ ಪಿಟಿಸಿಎಲ್ ಕಾಯ್ದೆಯನ್ವಯ ಆ ಕ್ರಯ ಅಸಿಂಧು. ಜಮೀನು ಮರಳಿ ಪಡೆಯಲು ಅರ್ಜಿ ಸಲ್ಲಿಸುವುದಕ್ಕೆ ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳುತ್ತದೆ. ಕಾಯ್ದೆಯ ಉದ್ದೇಶ ನ್ಯಾಯವಾದದ್ದೇ. ಅದನ್ನು ವಿಚಾರಿಸದೆ ಕೊಂಡವರು ಕಾನೂನನ್ನು ದೂರಿ ಫಲವಿಲ್ಲ. ಜಮೀನಿನ ಮೂಲ ಮಂಜೂರಾತಿಯವರೆಗೂ ದಾಖಲೆ ನೋಡಲೇಬೇಕು.

500 ಚದರ ಮೀಟರ್ ಮೀರಿದ ಬಡಾವಣೆ 2016ರ ರೇರಾ ಕಾಯ್ದೆಯಡಿ ನೋಂದಣಿಯಾಗಿರಬೇಕು. ಆದರೆ ಆ ನೋಂದಣಿ ಹಕ್ಕಿನ ಖಾತರಿಯಲ್ಲ. ಮಾರುವವರು ತೋರಿಸುವ ವಕೀಲರ ಬದಲು ನೀವೇ ಗೊತ್ತುಮಾಡಿದ ವಕೀಲರಿಂದ ಋಣಭಾರ ಪತ್ರ, ಪಹಣಿ, ಪರಿವರ್ತನೆ ಆದೇಶಗಳನ್ನು ಪರಿಶೀಲಿಸಿ. ಅದಕ್ಕೆ ತಗಲುವ ಶುಲ್ಕ ಈ ವ್ಯವಹಾರದ ಅತಿ ಸಣ್ಣ ವೆಚ್ಚ. ಪರಿಶೀಲನೆಗೆ ಎರಡು ವಾರದ ಅವಕಾಶ ಕೊಡಲು ಒಪ್ಪದ ಮಾರಾಟಗಾರರಿಂದ ಏನನ್ನೂ ಕೊಳ್ಳದಿರುವುದೇ ಹೊಸಬರ ಮೊದಲ ಲಾಭದಾಯಕ ತೀರ್ಮಾನ.