ಚರ್ಮದ ಗೋಡೆ ಮತ್ತು ಅದರ ಗಾರೆ

ಖಾನಾಪುರದ ಮಣ್ಣಿನ ಪಾತ್ರೆಗಳನ್ನು ಅರಿಯದವರು ನಮ್ಮ ಭಾಗದಲ್ಲಿ ವಿರಳ. ಅಲ್ಲಿ ತಿಗರಿಯ ಮುಂದೆ ಕುಳಿತ ಕುಂಬಾರನ ಕೈಗಳು ದಿನವಿಡೀ ಹಸಿಮಣ್ಣಿನಲ್ಲಿ ನೆನೆಯುತ್ತಿದ್ದರೂ ಸಂಜೆಯ ವೇಳೆಗೆ ಒಣಗಿ ಬಿರಿಯುತ್ತವೆ. ಭತ್ತದ ನಾಟಿ ಮಾಡುವ ತಾಯಂದಿರ ಬೆರಳುಗಳಿಗೂ ಇದೇ ಗತಿ. ನೀರಿನಲ್ಲಿಯೇ ಇರುವುದು ಒಣಗುವುದೆಂತು?

ನಮ್ಮ ಚರ್ಮದ ತೀರ ಹೊರಗಿನ ಪದರವು ಅಂಗೈ ಅಂಗಾಲುಗಳಲ್ಲಿ ದಪ್ಪ. ಉಳಿದೆಡೆ ಬಹುಮಟ್ಟಿಗೆ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿನಷ್ಟೇ. ಅದರ ನಿರ್ಜೀವ ಕೋಶಗಳನ್ನು ಇಟ್ಟಿಗೆಗಳಿಗೂ ನಡುವಣ ಜಿಡ್ಡನ್ನು ಗಾರೆಗೂ ಹೋಲಿಸಿ ವಿವರಿಸಿದವರಲ್ಲಿ ಅಮೇರಿಕೆಯ ಚರ್ಮತಜ್ಞ ಪೀಟರ್ ಎಲಾಯಸ್ ಪ್ರಮುಖರು. ಆ ಗಾರೆಯ ತೂಕದಲ್ಲಿ ಸುಮಾರು ಅರ್ಧದಷ್ಟು ಸೆರಮೈಡ್ ಎಂಬ ಮೇಣದಂಥ ವಸ್ತು. ಲ್ಯಾಟಿನ್ ಭಾಷೆಯಲ್ಲಿ 'ಸೆರಾ' ಎಂದರೆ ಮೇಣವೇ. ಉಳಿದುದರಲ್ಲಿ ಹೆಚ್ಚಿನದು ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು. ಒಳಗಿನ ತೇವವನ್ನು ಹೊರಗೆ ಬಿಡದೆ ಕಾಯುವುದು ಈ ಗಾರೆ. ಮತ್ತೆ ಮತ್ತೆ ನೆನೆದು ಒಣಗಿದಾಗ, ಸಾಬೂನಿನಿಂದ ಬಲವಾಗಿ ತಿಕ್ಕಿದಾಗ ಅದು ಸಡಿಲಗೊಳ್ಳುತ್ತದೆ. ಸಾಬೂನು ಕ್ಷಾರ, ಸೆರಮೈಡನ್ನು ಸಿದ್ಧಪಡಿಸುವ ಕಿಣ್ವಗಳಿಗಾದರೋ ಚರ್ಮದ ಸಹಜವಾದ ಹುಳಿಗುಣ ಬೇಕು.

ಶಿಕ್ಷಕ ಬಂಧುಗಳು ಗಮನಿಸತಕ್ಕ ಮಾತೊಂದುಂಟು. ಇಸುಬಿನಿಂದ ಕೆರೆದುಕೊಳ್ಳುವ ಮಗುವನ್ನು ಕೊಳಕನೆಂದು ಗದರಿಸಿ, ಇನ್ನಷ್ಟು ಸಾಬೂನು ಹಚ್ಚಿ ತಿಕ್ಕಲು ಹೇಳುವುದುಂಟು. ನಾನೂ ಹಾಗೆ ಹೇಳಿದವನೇ. ಚರ್ಮದಲ್ಲಿ ಮೊದಲೇ ಸೆರಮೈಡ್ ಕಡಿಮೆಯಿರುವುದು ಇಂಥ ಮಕ್ಕಳಲ್ಲಿಯೇ ಎಂದು 1991ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ನಾವು ತಿಕ್ಕಿಸಿದ್ದು ಕೊಳೆಯನ್ನಲ್ಲ, ಅಳಿದುಳಿದ ಗಾರೆಯನ್ನು.

ಸೆರಮೈಡ್ ಬೆರೆತ ಮುಲಾಮುಗಳು ಈಗ ಬೆಳಗಾವಿಯ ಔಷಧದಂಗಡಿಗಳಲ್ಲಿ ದೊರೆಯುತ್ತವೆ. ಆದರೆ ಹೆಸರೊಂದನ್ನೇ ನೋಡಿ ಕೊಳ್ಳಲಾಗದು. ಮೂರು ಜಿಡ್ಡುಗಳಲ್ಲಿ ಒಂದನ್ನೇ ಹಚ್ಚಿದರೆ ದುರಸ್ತಿ ತಡವಾಗುತ್ತದೆಂದೂ, ತಕ್ಕ ಪ್ರಮಾಣದಲ್ಲಿ ಮೂರೂ ಕೂಡಿದರೆ ಬೇಗನಾಗುತ್ತದೆಂದೂ 1990ರ ದಶಕದ ಪ್ರಯೋಗಗಳು ಕಂಡುಕೊಂಡವು. ಬೆಲೆ ಕೈಗೆಟುಕದವರು ನಿರಾಶರಾಗಬೇಕಿಲ್ಲ. ಸ್ನಾನದ ನಂತರ ಮೈ ಇನ್ನೂ ತೇವವಾಗಿರುವಾಗಲೇ ತೆಳುವಾಗಿ ಹಚ್ಚಿದ ಸಾದಾ ಪೆಟ್ರೋಲಿಯಂ ಜೆಲ್ಲಿಯು ನೀರು ಆರದಂತೆ ತಡೆಯುತ್ತದೆ. ಆ ಮರೆಯಲ್ಲಿ ಚರ್ಮವು ತನ್ನ ಗಾರೆಯನ್ನು ತಾನೇ ಕಲೆಸಿಕೊಳ್ಳುತ್ತದೆ. ಬಿರುಕಿನಲ್ಲಿ ಕೀವು ಕಂಡರೆ ಮಾತ್ರ ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು.