ಹೊಡೆತ ಕಡಿಮೆ, ಹೊರೆ ಅಷ್ಟೇ

ನವಿ ಮುಂಬಯಿಯ ಐರೋಲಿಯ ಓದುಗರೊಬ್ಬರ ಪ್ರಶ್ನೆ: ಅವರ ಸೊಸೈಟಿಯ ಜಿಮ್‌ಗೆ ಹೊಸದಾಗಿ ಎಲಿಪ್ಟಿಕಲ್ ಎಂಬ ವ್ಯಾಯಾಮ ಯಂತ್ರ ಬಂದಿದೆ. ಮಾರಿದವನು ‘ಮಂಡಿಗೆ ಸೊನ್ನೆ ಭಾರ’ ಎಂದು ಹೇಳಿಹೋಗಿದ್ದಾನಂತೆ. ಮನೆಯವರಿಗೆ ಮಂಡಿನೋವು. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಖಾಡಿಯ (ಕಡಲ ಕಿರುಚಾಚಿನ) ಕಡೆಯಿಂದ ಬೀಸಿ ಹೊಡೆಯುವ ಮಳೆಯಲ್ಲಿ ಬೆಳಗಿನ ವಾಕಿಂಗ್ ಆಗದ ಮಾತು. ಈ ಯಂತ್ರದ ಮೇಲೆ ನಡೆದರೆ ಸಾಕೆ?

ಬಹುಮಟ್ಟಿಗೆ ಸಾಕು. ಆದರೆ ಆ ‘ಸೊನ್ನೆ’ ಮಾತ್ರ ಸುಳ್ಳು. ಯಾಕೆ ಸುಳ್ಳು ಎನ್ನುವುದಕ್ಕೆ ಯಂತ್ರದ ಹೊಟ್ಟೆಯನ್ನೇ ನೋಡಬೇಕು; ಅದಕ್ಕೂ ಮೊದಲು ಹಳೆಯ ಉಗಿಬಂಡಿಯೊಂದನ್ನು.

ಖಾಡಿ ದಾಟಿದರೆ ಠಾಣೆ. 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು 34 ಕಿಲೋಮೀಟರ್ ಓಡಿ ಬಂದು ನಿಂತದ್ದು ಅಲ್ಲೇ. ಉಗಿಬಂಡಿಯ ಎಂಜಿನ್ನಿನಲ್ಲಿ ಒಂದು ಉದ್ದನೆಯ ಸರಳಿರುತ್ತದೆ. ಅದರ ಒಂದು ತುದಿ ಪಿಸ್ಟನ್ನಿಗೆ ಸೇರಿ ನೇರ ಗೆರೆಯಲ್ಲಿ ಹಿಂದೆ ಮುಂದೆ ಓಡಾಡುತ್ತದೆ. ಇನ್ನೊಂದು ತುದಿ ಗಾಲಿಯ ಜೊತೆ ವೃತ್ತ ಸುತ್ತುತ್ತದೆ. ಹಾಗಾದರೆ ಸರಳಿನ ನಡುವಿನ ಒಂದು ಬಿಂದು ಏನು ಮಾಡುತ್ತದೆ? ಅದು ಪೂರ್ತಿ ವೃತ್ತವನ್ನೂ ಬರೆಯುವಂತಿಲ್ಲ, ಬರೀ ಗೆರೆಯನ್ನೂ ಎಳೆಯುವಂತಿಲ್ಲ. ಎರಡಕ್ಕೂ ರಾಜಿಯಾಗಿ ಚಪ್ಪಟೆಯಾದ ಒಂದು ಸುತ್ತು ಹಾಕುತ್ತದೆ. ಬಿಂದು ಗಾಲಿಯ ಹತ್ತಿರವಿದ್ದರೆ ಆ ಸುತ್ತು ದುಂಡಗಾಗುತ್ತದೆ, ಪಿಸ್ಟನ್ನಿನ ಹತ್ತಿರ ಸರಿದಷ್ಟೂ ತೆಳ್ಳಗಾಗುತ್ತದೆ.

ಆ ನಡುಬಿಂದುವಿನ ಮೇಲೆ ನಿಮ್ಮ ಪಾದವನ್ನು ಇಡಿ. ಎಲಿಪ್ಟಿಕಲ್ ಎಂದರೆ ಇಷ್ಟೇ. ಹಲವು ಮಾದರಿಗಳಲ್ಲಿ ಹಿಂದೆ ಕವಚದೊಳಗೆ ಸುತ್ತುವ ಚಕ್ರ, ಮುಂದೆ ಹಳಿಯ ಮೇಲೆ ಉರುಳುವ ಪುಟ್ಟ ಗಾಲಿ, ನಡುವೆ ಪೆಡಲ್. ಉಗಿಬಂಡಿಯಲ್ಲಿ ಶಕ್ತಿ ಸರಳಿನ ತುದಿಯಿಂದ ಬರುತ್ತಿತ್ತು, ಇಲ್ಲಿ ನಡುವಿನಿಂದ ಬರುತ್ತದೆ. ಕೆಲವು ಮಾದರಿಗಳಲ್ಲಿ ಮುಂದಿನ ಹಳಿಯನ್ನು ಏರಿಸಬಹುದು. ಆಗ ಇಡೀ ಸುತ್ತೇ ವಾಲಿಕೊಂಡು, ಕೆಲಸ ಪೃಷ್ಠದ ಸ್ನಾಯುಗಳ ಕಡೆ ಸರಿಯುತ್ತದೆ. ಲೆವೆಲ್ ಗುಂಡಿ ಒತ್ತಿದಾಗ ಒಳಗಿನಿಂದ ಸಣ್ಣದೊಂದು ‘ಗುಂಯ್’ ಸದ್ದು ಕೇಳುತ್ತದಲ್ಲ, ಅನೇಕ ಯಂತ್ರಗಳಲ್ಲಿ ಅದು ಪುಟ್ಟ ಮೋಟರೊಂದು ಅಯಸ್ಕಾಂತವನ್ನು ಲೋಹದ ಚಕ್ರದ ಹತ್ತಿರ ಎಳೆಯುವ ಸದ್ದು. ಅಯಸ್ಕಾಂತ ಚಕ್ರವನ್ನು ಮುಟ್ಟುವುದಿಲ್ಲ. ತಿರುಗುವ ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟಿ, ಅದೇ ಚಲನೆಗೆ ಅಡ್ಡಬರುತ್ತದೆ. ಉಜ್ಜಿ ಸವೆಯುವ ಭಾಗವಿಲ್ಲದ ಬ್ರೇಕು. ಇಡೀ ಯಂತ್ರದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು.

ಈ ಯಂತ್ರವನ್ನು ಕಂಡುಹಿಡಿದದ್ದು ಯಾರು? ಅಮೆರಿಕದ ಎಂಜಿನಿಯರ್ ಲ್ಯಾರಿ ಮಿಲ್ಲರ್ ಕಾರಿನ ಪಕ್ಕ ಓಡುತ್ತಿದ್ದ ಮಗಳ ವಿಡಿಯೋ ತೆಗೆದು, ಅವಳ ಪಾದ ಗಾಳಿಯಲ್ಲಿ ಬರೆದ ದಾರಿಯನ್ನು ನೋಡಿ ಯಂತ್ರವನ್ನು ರೂಪಿಸಿದ ಎಂಬುದು ಎಲ್ಲರೂ ಹೇಳುವ ಕಥೆ. ಕಥೆ ಚೆನ್ನಾಗಿದೆ, ಮಾರಾಟಕ್ಕೂ ಒದಗುತ್ತದೆ. ದಾಖಲೆಯಲ್ಲಿ ಇರುವುದು 1995ರ ಪೇಟೆಂಟು, ಮತ್ತು ಅದೇ ವರ್ಷ ಪ್ರಿಕೋರ್ ಕಂಪನಿ ಮಾರುಕಟ್ಟೆಗೆ ತಂದ ಇಎಫ್‌ಎಕ್ಸ್ ಎಂಬ ಯಂತ್ರ.

ಈಗ ಮಂಡಿಯ ವಿಚಾರ. ಓಡುವಾಗ ಪ್ರತಿ ಹೆಜ್ಜೆಗೂ ನಾವು ಕ್ಷಣಕಾಲ ಗಾಳಿಯಲ್ಲಿದ್ದು ನೆಲಕ್ಕೆ ಬೀಳುತ್ತೇವೆ. ನೆಲ ದೇಹತೂಕದ ಎರಡು ಮೂರು ಪಟ್ಟು ಬಲದಿಂದ ತಿರುಗಿ ಒದೆಯುತ್ತದೆ. ಎಲಿಪ್ಟಿಕಲ್‌ನಲ್ಲಿ ಪಾದ ಪೆಡಲ್ ಬಿಡುವುದೇ ಇಲ್ಲ, ಹಾಗಾಗಿ ಬೀಳುವ ಪ್ರಶ್ನೆಯೇ ಇಲ್ಲ. ತೈವಾನಿನ ಸಂಶೋಧಕರು 2007ರಲ್ಲಿ ಪೆಡಲಿಗೇ ಬಲಮಾಪಕ ಕೂರಿಸಿ ನೋಡಿದಾಗ, ಪಾದದ ಮೇಲಿನ ಬಲವೂ ಅದು ಏರುವ ವೇಗವೂ ನಡಿಗೆಗಿಂತಲೂ ಕಡಿಮೆಯಿತ್ತು. ಆದರೆ ಮಂಡಿ ಹೆಚ್ಚು ಮಡಚಿರುವುದರಿಂದ ತೊಡೆಯ ಮುಂಭಾಗದ ಸ್ನಾಯು ಹೆಚ್ಚು ದುಡಿಯಬೇಕಾಗಿತ್ತು. ಸ್ನಾಯು ಎಳೆದಷ್ಟೂ ಕೀಲು ಒತ್ತಿಕೊಳ್ಳುತ್ತದೆ.

ಎಷ್ಟು ಒತ್ತುತ್ತದೆ? ಅಮೆರಿಕದ ಸ್ಕ್ರಿಪ್ಸ್ ಕ್ಲಿನಿಕ್‌ನ ಡಿ’ಲಿಮಾ ಮತ್ತು ಸಂಗಡಿಗರು ಕೀಲು ಬದಲಾವಣೆಯ ವೇಳೆ ಬಲ ಅಳೆಯುವ ಸೆನ್ಸರ್ ಇದ್ದ ಕೃತಕ ಮಂಡಿಯನ್ನೇ ಕೆಲವರಿಗೆ ಜೋಡಿಸಿದರು. ಆ ಮಂಡಿಗಳೇ ಒಳಗಿನಿಂದ ವರದಿ ಕಳಿಸಿದವು. 2008ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: ವ್ಯಾಯಾಮದ ಸೈಕಲ್ ಮೇಲೆ ಹೆಚ್ಚುಕಡಿಮೆ ದೇಹತೂಕದಷ್ಟು, ಜಾಗಿಂಗ್‌ನಲ್ಲಿ ಮೂರು ಪಟ್ಟಿಗೂ ಮೇಲೆ. ಎಲಿಪ್ಟಿಕಲ್ ಮತ್ತು ಟ್ರೆಡ್‌ಮಿಲ್ ನಡಿಗೆ ಎರಡರಲ್ಲೂ ಎರಡು ಪಟ್ಟು ಮತ್ತು ಸ್ವಲ್ಪ. ಪರೀಕ್ಷೆಗೆ ಒಳಗಾದವರು ಬೆರಳೆಣಿಕೆಯ ಮಂದಿ, ಅದನ್ನು ಮರೆಯಬಾರದು. ಆದರೂ 60 ಕಿಲೋ ತೂಗುವವರ ಮಂಡಿ ಈ ಯಂತ್ರದ ಮೇಲೂ 120 ಕಿಲೋ ಹೊರುತ್ತದೆ ಎಂದಾಯಿತು. ತಪ್ಪಿದ್ದು ಹೊರೆಯಲ್ಲ, ಧಡಕ್ಕನೆ ಬೀಳುವ ಹೊಡೆತ. ಸಮನೆಲದಲ್ಲಿ ನಡೆದರೆ ನೋಯದ ಮಂಡಿ ಇದರ ಮೇಲೂ ನೋಯಲಿಕ್ಕಿಲ್ಲ. ನಡೆಯುವಾಗಲೇ ಅಳುವ ಮಂಡಿಗೆ ಸೈಕಲ್ಲೇ ಮೇಲು.

ಹೃದಯಕ್ಕಂತೂ ಎಲಿಪ್ಟಿಕಲ್ ಒಳ್ಳೆಯ ಕೆಲಸ ಕೊಡುತ್ತದೆ. ಕೈಹಿಡಿಯನ್ನು ಸುಮ್ಮನೆ ಹಿಡಿದುಕೊಳ್ಳದೆ ನಿಜವಾಗಿ ತಳ್ಳಿ ಎಳೆದರೆ ತೋಳು, ಬೆನ್ನು ಕೂಡ ಆಮ್ಲಜನಕ ಬೇಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ವಾರದ 150 ನಿಮಿಷದ ಮಧ್ಯಮ ವ್ಯಾಯಾಮ, ಮಳೆಗಾಲ ಪೂರ್ತಿ, ಇದರ ಮೇಲೇ ನಡೆದೀತು. ಪರದೆ ತೋರಿಸುವ ಕ್ಯಾಲೊರಿಯನ್ನು ಮಾತ್ರ ನಂಬಬೇಡಿ. ಮಧ್ಯಮ ಶ್ರಮಕ್ಕೆ ಸುಮ್ಮನೆ ಕೂತಾಗಿನ ಐದು ಪಟ್ಟು ಖರ್ಚು ಎಂದು ಹಿಡಿದರೆ, 70 ಕಿಲೋ ತೂಕದವರಿಗೆ ಅರ್ಧ ಗಂಟೆಗೆ ಸುಮಾರು 175 ಕ್ಯಾಲೊರಿ. ಸ್ಟೇಷನ್ ಹೊರಗಿನ ಒಂದು ವಡಾಪಾವ್ ಕೂಡ ಅಷ್ಟಕ್ಕೆ ಪೂರ್ತಿ ಕರಗುವುದಿಲ್ಲ. ಉಸಿರಿನ ಮುಖವಾಡ ಹಾಕಿ ಅಳೆದವರಿಗೆ ಪರದೆಯ ಅಂಕಿ ಧಾರಾಳವಾಗಿಯೇ ಕಂಡಿದೆ.

ಇನ್ನೊಂದು ಸಂಗತಿಯನ್ನು ಮಾರುವವರು ಹೇಳುವುದಿಲ್ಲ: ಮೂಳೆ ಗಟ್ಟಿಯಾಗುವುದು ಹೊಡೆತದಿಂದ. ಬಲ ಬಿದ್ದ ಕಡೆ ಮೂಳೆ ಬೆಳೆಯುತ್ತದೆ ಎಂದು ಜರ್ಮನಿಯ ಜೂಲಿಯಸ್ ವುಲ್ಫ್ 1892ರಲ್ಲೇ ಬರೆದಿದ್ದ. ಹೊಡೆತ ತಪ್ಪಿಸುವ ಯಂತ್ರದಿಂದ ಮೂಳೆಗೆ ಸಿಗುವುದು ಅಷ್ಟಕ್ಕಷ್ಟೆ. ಮುಟ್ಟು ನಿಂತ ಮಹಿಳೆಯರು ಇದೊಂದನ್ನೇ ನೆಚ್ಚಿಕೊಳ್ಳದೆ, ಮಂಡಿ ಒಪ್ಪುವಷ್ಟು ಮೆಟ್ಟಿಲು ಹತ್ತಲಿ, ತೂಕ ಎತ್ತಲಿ.

ಪಾಲಿಕೆಯ ಉದ್ಯಾನಗಳ ಓಪನ್ ಜಿಮ್‌ನಲ್ಲಿ ಕಾಲು ಜೋಲಾಡಿಸುವ ಸಾಧನವೂ ಇದೇ ಅಲ್ಲವೇ ಎಂದೂ ಆ ಓದುಗರು ಕೇಳಿದ್ದಾರೆ. ಅಲ್ಲ. ಅದರಲ್ಲಿ ಚಕ್ರವಿಲ್ಲ, ಅಯಸ್ಕಾಂತವಿಲ್ಲ; ಒಮ್ಮೆ ತೂಗಿದರೆ ಮುಂದಿನದನ್ನು ಗುರುತ್ವವೇ ನೋಡಿಕೊಳ್ಳುತ್ತದೆ. ಸೊಂಟ ಸಡಿಲಿಸಲು ಅಡ್ಡಿಯಿಲ್ಲ, ಏದುಸಿರು ಬರಬೇಕೆಂದರೆ ಸೊಸೈಟಿಯದ್ದೇ ಸರಿ. ಅದರಲ್ಲೂ ಲೆವೆಲ್ ಒಂದರಲ್ಲೇ ಬಿಟ್ಟರೆ ಅರ್ಧ ಕೆಲಸ ಚಕ್ರವೇ ಮಾಡಿಬಿಡುತ್ತದೆ. ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ಏರಿಸಿಕೊಳ್ಳಿ.