ಗಣಿತ ಪರೀಕ್ಷೆಯೂ ಮನೆಯ ಹಿರಿಯರೂ

ವಿದ್ಯಾರ್ಥಿಯ ಗಣಿತಜ್ಞಾನವನ್ನು ಪ್ರಶ್ನಪತ್ರಿಕೆಯೊಂದರಿಂದಲೇ ಅಳೆಯಬಹುದೆ? ಸಾಲದೆಂದೆಣಿಸಿ ಇಂಗ್ಲೆಂಡಿನ ಜಿ.ಸಿ.ಎಸ್.ಇ. ಪ್ರೌಢಶಾಲಾ ಪರೀಕ್ಷೆಯಲ್ಲಿ ನೂರಕ್ಕೆ 20 ಅಂಕಗಳನ್ನು ವಿದ್ಯಾರ್ಥಿಯು ತಾನೇ ಮಾಡಿ ಒಪ್ಪಿಸುವ ಕಾರ್ಯಗಳಿಗೆ ಮೀಸಲಿಟ್ಟಿದ್ದರು: 10 ಸಮಸ್ಯೆಯೊಂದರ ಅನ್ವೇಷಣೆಗೆ, 10 ಅಂಕಿ-ಅಂಶಗಳನ್ನು ಸಂಗ್ರಹಿಸಿ ವಿವೇಚಿಸುವುದಕ್ಕೆ. ಉದ್ದೇಶವೇನೋ ಶ್ಲಾಘ್ಯವಾದುದೇ ಸರಿ. ಆದರೆ ಒಪ್ಪಿಸಿದ ಕೆಲಸವು ಮಗುವಿನದೋ, ತಂದೆಯದೋ, ಅಂತರ್ಜಾಲದಿಂದ ಎತ್ತಿದುದೋ ಎಂಬ ಸಂದೇಹವು ಬಲಿಯಿತು. 2006ರಲ್ಲಿ ಸರ್ಕಾರವು ಈ ಪದ್ಧತಿಯನ್ನು ಕೈಬಿಡುವುದಾಗಿ ಸಾರಿತು. 2007ರಲ್ಲಿ ಆರಂಭವಾದ ಪಾಠಕ್ರಮದಿಂದ ಆ ಅಂಕಗಳೂ ಲಿಖಿತ ಪರೀಕ್ಷೆಗೇ ಸೇರಿದವು.

ನಮ್ಮಲ್ಲಿಯೂ ಸಿ.ಬಿ.ಎಸ್.ಇ. ಹತ್ತನೆಯ ತರಗತಿಯ ಗಣಿತಕ್ಕೆ 20 ಆಂತರಿಕ ಅಂಕಗಳುಂಟು. ಆದುದರಿಂದ ಗೃಹಸ್ಥರು ಮಕ್ಕಳಿಗೆ ದಾರಿ ತೋರಲಿ. ಅವರ ಪೆನ್ಸಿಲನ್ನು ಮಾತ್ರ ತಾವು ಹಿಡಿಯದಿರಲಿ. ಎರವಲು ತಂದ ಅಂಕವು ಪಟ್ಟಿಯನ್ನು ತುಂಬೀತೇ ಹೊರತು ಬುದ್ಧಿಯನ್ನು ತುಂಬಲಾರದು.